ಕಲ್ಲು, ನೀರು ಮತ್ತು ಕ್ಷೇತ್ರ

‘ತೀರ್ಥ’ ಎಂಬ ಶಬ್ದಕ್ಕೆ ಮೂಲದಲ್ಲಿ ಹೊಳೆಯನ್ನು ದಾಟಲು ಅನುಕೂಲವಾದ ಹಾಯ್ಗಡ ಎಂದಷ್ಟೇ ಅರ್ಥ. ‘ಕ್ಷೇತ್ರ’ವೆಂದರೆ ಉಳುವ ಹೊಲ. ಒಂದು ದಾರಿಹೋಕನ ಮಾತು, ಇನ್ನೊಂದು ಒಕ್ಕಲಿಗನ ಮಾತು. ಕಾಲಕ್ರಮದಲ್ಲಿ ಎರಡೂ ಪುಣ್ಯದ ಮಾತುಗಳಾಗಿ ಪರಿಣಮಿಸಿದವು. ಶಬ್ದಗಳಿಗೆ ಸಂಭವಿಸಿದ ಈ ಅರ್ಥೋತ್ಕರ್ಷವು ಅನೇಕ ಸ್ಥಲಗಳಿಗೂ ಸಂಭವಿಸಿದೆ. ಆದರೆ ನಮ್ಮಲ್ಲಿ ಪುಣ್ಯಸ್ಥಲವೊಂದರ ಇತಿಹಾಸವನ್ನು ಬರೆಯಹೊರಟವರು ಅಲ್ಲಿಯ ದೇವಾಲಯದ ಶಾಸನದಿಂದ ಆರಂಭಿಸಿ, ಅದನ್ನು ಕಟ್ಟಿಸಿದ ಅರಸನ ವಂಶಾವಳಿಯಲ್ಲಿ ಮುಗಿಸುವುದೇ ವಾಡಿಕೆ. ಶಾಸನ ಹುಟ್ಟುವುದಕ್ಕೆ ಮೊದಲೇ ಅಲ್ಲಿ ನೆಲವಿತ್ತು, ಬಂಡೆಯಿತ್ತು, ನೀರಿತ್ತು. ಅವುಗಳನ್ನು ಅರಸಿಕೊಂಡು ಜನ ಬರುತ್ತಿದ್ದರು. ಅಕ್ಷರವಿಲ್ಲದ ಆ ಕಾಲದ ಸಾಕ್ಷ್ಯಗಳು ಕರ್ನಾಟಕದಲ್ಲಿ ಕಡಿಮೆಯೇನೂ ಇಲ್ಲ. ಬಳ್ಳಾರಿಯಿಂದ ಹೊರಟು ಗಂಗಾವತಿ, ಕೊಪ್ಪಳ, ಗದಗುಗಳ ಮಾರ್ಗವಾಗಿ ಮಲಪ್ರಭೆಯ ದಂಡೆಗೆ ಬಂದು ಕೂಡಲಸಂಗಮವನ್ನು ಮುಟ್ಟುವ ಒಂದು ದಾರಿಯನ್ನು ಹಿಡಿದು, ಅಂತಹ ಕೆಲವು ಸ್ಥಲಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಬಳ್ಳಾರಿಯ ಮಗ್ಗುಲಲ್ಲಿರುವ ಸಂಗನಕಲ್ಲು ಮತ್ತು ಕಪ್ಪಗಲ್ಲುಗಳ ಬೆಟ್ಟಗಳು ನವಶಿಲಾಯುಗದ ಜನರ ನೆಲೆವೀಡಾಗಿದ್ದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿಯೇ ಈ ಪ್ರದೇಶವನ್ನು ಗುರುತಿಸಿದ್ದರು. ಮುಂದೆ ಬೆಂಡಪೂಡಿ ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿ, ಬಳ್ಳಾರಿ ಸೀಮೆಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ತಮ್ಮ ಗ್ರಂಥವನ್ನು 1948ರಲ್ಲಿ ಪ್ರಕಟಿಸಿದರು. ಇಲ್ಲಿಯ ಹಿರೇಗುಡ್ಡದ ಕಣಶಿಲೆಯ ನಡುವೆ ಕರಿಕಲ್ಲಿನ ಏಣೊಂದು ಉದ್ದಕ್ಕೆ ಹಾದುಹೋಗಿದೆ. ಆ ಕರಿಕಲ್ಲಿನಿಂದಲೇ ನವಶಿಲಾಯುಗದವರು ಕೊಡಲಿಗಳನ್ನು ಮಾಡುತ್ತಿದ್ದರು; ಗುಡ್ಡದ ಮೇಲೆ ಕಲ್ಲುಕೊಡಲಿಗಳ ಕಾರ್ಯಾಗಾರವೇ ಇತ್ತೆಂಬುದು ಸಂಶೋಧನೆಯಿಂದ ಸಿದ್ಧಪಟ್ಟಿದೆ. ಅದೇ ಕರಿಕಲ್ಲುಗಳ ಮೇಲೆ ಅಸಂಖ್ಯ ಚಿತ್ರಗಳನ್ನು ಕುಟ್ಟಿ ಮೂಡಿಸಲಾಗಿದೆ. ಉದ್ದ ಕೊಂಬಿನ, ಹಿಣಿಲುಳ್ಳ ಎತ್ತುಗಳು ಬಹುಸಂಖ್ಯೆಯಲ್ಲಿವೆ, ಮನುಷ್ಯರೂ ಇದ್ದಾರೆ. ಕೆಲವು ಚಿತ್ರಗಳು ಕೈಗೆ ಸುಲಭವಾಗಿ ಎಟುಕದ ಎಡೆಗಳಲ್ಲಿವೆ. ಅವನ್ನು ಮೂಡಿಸಿದವರು ಬಂಡೆಯ ಅಂಚಿನಿಂದ ಜೋತು ನಿಂತೇ ಕೆಲಸ ಮಾಡಿರಬೇಕು. ನೋಡುವವರ ಅನುಕೂಲಕ್ಕಾಗಿ ಬರೆದ ಚಿತ್ರಗಳು ಇವಲ್ಲ ಎಂಬುದಕ್ಕೆ ಇದೊಂದೇ ಸಾಕು.

1892ರಲ್ಲಿ ಫಾಸೆಟ್ ಎಂಬ ಆಂಗ್ಲ ಅಧಿಕಾರಿ ಈ ಚಿತ್ರಗಳ ಬಗ್ಗೆ ಬರೆದರು. ವೈನಾಡಿನ ಎಡಕಲ್ ಗುಹೆಯ ರೇಖಾಚಿತ್ರಗಳನ್ನು ಮುಂದೆ ಲೋಕಕ್ಕೆ ಪರಿಚಯಿಸಿದವರೂ ಇವರೇ. ಅನಂತರ ಬಹುಕಾಲ ಕಪ್ಪಗಲ್ಲು ವಿದ್ವಾಂಸರ ಮರೆವಿಗೆ ಸಂದಿತ್ತು. ಈ ಶತಮಾನದ ಆರಂಭದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ ಮತ್ತು ವಿದೇಶೀಯ ವಿದುಷಿ ನಿಕೋಲ್ ಬೋವಿನ್ ಮೊದಲಾದವರು ಮರಳಿ ಅಧ್ಯಯನ ಕೈಕೊಂಡಾಗ ಒಂದು ಅಪೂರ್ವ ಸಂಗತಿ ಬೆಳಕಿಗೆ ಬಂದಿತು. ಇಲ್ಲಿಯ ಕೆಲವು ಬಂಡೆಗಳ ಮೇಲೆ ಬಟ್ಟಲಿನಂತಹ ನುಣುಪಾದ ಕುಳಿಗಳಿವೆ. ಆ ಕುಳಿಗಳಲ್ಲಿ ಗುಂಡುಗಲ್ಲಿನಿಂದ ಬಡಿದರೆ ಬಂಡೆ ಗಂಟೆಯಂತೆ ನಿನದಿಸುತ್ತದೆ. ಬಡಿದು ಬಡಿದೇ ಆ ಕುಳಿಗಳು ಬಿದ್ದಿವೆ. ಕೊಡಲಿಗೆ ಕಲ್ಲು, ಚಿತ್ರಕ್ಕೆ ಕಲ್ಲು, ನಾದಕ್ಕೆ ಕಲ್ಲು, ಎಲ್ಲವೂ ಒಂದೇ ಗುಡ್ಡದಲ್ಲಿ. ಕಾಯಕದ ಸ್ಥಲ ಬೇರೆ, ಪೂಜೆಯ ಸ್ಥಲ ಬೇರೆ ಎಂಬ ವಿಂಗಡಣೆ ಆ ಜನಕ್ಕೆ ಇದ್ದಂತೆ ತೋರುವುದಿಲ್ಲ.

ದುರ್ದೈವವೆಂದರೆ ಇದೇ ಗುಡ್ಡಕ್ಕೆ ಆಧುನಿಕ ಕಲ್ಲುಗಣಿಯ ಕಣ್ಣು ಬಿದ್ದಿತು. ವಿದ್ವಾಂಸರು ಅಧ್ಯಯನ ನಡೆಸುತ್ತಿದ್ದ ದಿನಗಳಲ್ಲಿಯೇ ಬಂಡೆಗಳು ಒಡೆಯಲ್ಪಡುತ್ತಿದ್ದವು. ಚಿತ್ರಗಳುಳ್ಳ ಕೆಲವು ಕಲ್ಲುಗಳು ಹಾಳಾದವು. ಪುರಾತನರೂ ಅಲ್ಲಿ ಕಲ್ಲು ಒಡೆದಿದ್ದಾರೆ, ನಿಜ. ಆದರೆ ಅವರು ಒಡೆದ ಕಲ್ಲಿನ ಪಕ್ಕದಲ್ಲಿಯೇ ಎತ್ತಿನ ಚಿತ್ರವನ್ನೂ ಬಿಟ್ಟುಹೋದರು; ಇಂದಿನ ಸಿಡಿಮದ್ದು ಜಲ್ಲಿಯನ್ನು ಬಿಟ್ಟು ಮತ್ತೇನನ್ನೂ ಉಳಿಸುವುದಿಲ್ಲ.

ಈ ಪಶುಪಾಲಕ ಜನರ ಇನ್ನೊಂದು ಕುರುಹು ಬೂದಿದಿಬ್ಬಗಳು. ಬಳ್ಳಾರಿಯ ಸಮೀಪದ ಕುಡತಿನಿಯಲ್ಲಿ ಇಂತಹ ದೊಡ್ಡ ದಿಬ್ಬವಿದೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿಯೆಂದು ಜನ ಇಂದಿಗೂ ಹೇಳುತ್ತಾರೆ. ದನಗಳ ದೊಡ್ಡಿಯಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಇವು ಬೆಳೆದವೆಂದು ಆಲ್ಚಿನ್ ಮುಂತಾದವರು ತೋರಿಸಿಕೊಟ್ಟಿದ್ದಾರೆ. ಈ ಸಂಗತಿಯನ್ನು ಓದುವಾಗ ವಿಭೂತಿಯನ್ನು ಧರಿಸುವ ನಮ್ಮ ಮನಸ್ಸಿನಲ್ಲಿ ಒಂದು ಆಲೋಚನೆ ಹಾಯುವುದು ಸಹಜ. ಗೋಮಯವನ್ನು ಸುಟ್ಟ ಭಸ್ಮವೇ ಪವಿತ್ರವೆಂಬ ಭಾವನೆ ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋಗುವುದೇ? ಈ ಪ್ರಶ್ನೆ ಆಕರ್ಷಕವಾದುದು. ಉತ್ತರಕ್ಕೆ ಮಾತ್ರ ಆಧಾರ ಸಾಲದು. ಆ ದಿಬ್ಬಗಳನ್ನು ಸುಟ್ಟವರಿಗೂ ಭಸ್ಮಧಾರಣೆಯ ವಿಧಿಯನ್ನು ಹೇಳಿದ ಗ್ರಂಥಗಳಿಗೂ ನಡುವೆ ಸಾವಿರಾರು ವರ್ಷಗಳ ಮೌನವಿದೆ. ಹೋಲಿಕೆಯನ್ನು ವಂಶಾವಳಿಯೆಂದು ಭ್ರಮಿಸುವುದು ಇತಿಹಾಸವಲ್ಲ.

ಇಂತಹದೇ ಇನ್ನೊಂದು ಆಕರ್ಷಣೆ ತುಂಗಭದ್ರೆಯ ಆಚೆ, ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನಲ್ಲಿ ನಮ್ಮನ್ನು ಕಾದಿದೆ. ಊರಿನ ಹತ್ತಿರದ ಗುಡ್ಡಗಳ ನಡುವೆ, ಬಂಡೆಗಳನ್ನು ಹತ್ತಿ ಇಳಿದು ತಲುಪಬೇಕಾದ ಒಂದು ಎತ್ತರದ ಹಾಸಿನ ಮೇಲೆ, ಸುಮಾರು 400 ಶಿಲಾನಿರ್ಮಿತಿಗಳು ಹರಡಿವೆ. ಮೂರು ಚಪ್ಪಡಿಗಳನ್ನು ಗೋಡೆಯಾಗಿ ನಿಲ್ಲಿಸಿ, ನಾಲ್ಕನೆಯದರಲ್ಲಿ ದುಂಡಾದ ಕಂಡಿಯನ್ನು ಕೊರೆದು, ಮೇಲೊಂದು ಮುಚ್ಚುಗಲ್ಲನ್ನು ಹೊದಿಸಿದ ಕೋಣೆಗಳು ಇವು. ಕೆಲವು ಆಳೆತ್ತರವನ್ನೂ ಮೀರಿವೆ. ಒಂದರ ಪಕ್ಕದಲ್ಲೊಂದು ನಿಂತ ಇವುಗಳನ್ನು ದೂರದಿಂದ ಕಂಡಾಗ ನಿರ್ಜನವಾದ ಊರೊಂದರ ಬೀದಿಯನ್ನು ಕಂಡಂತಾಗುತ್ತದೆ. ‘ಮೋರ್ಯರ ಮನೆ’ ಎಂದು ಜನ ಕರೆಯುವುದು ಇದಕ್ಕಾಗಿಯೇ ಇರಬೇಕು. ಮೋರ್ಯರು ಕುಳ್ಳರು, ಆದರೆ ಅಮಾನುಷ ಬಲವುಳ್ಳವರು ಎಂಬ ಕಥೆ ಈ ಸೀಮೆಯಲ್ಲೆಲ್ಲ ಪ್ರಚಲಿತವಾಗಿದೆ. ಕಂಡಿಯ ಗಾತ್ರವನ್ನು ನೋಡಿ ಕುಳ್ಳರೆಂದೂ, ಚಪ್ಪಡಿಯ ಭಾರವನ್ನು ನೋಡಿ ಬಲಶಾಲಿಗಳೆಂದೂ ಜನ ತರ್ಕಿಸಿದ್ದಾರೆ. ತರ್ಕ ನಿರ್ದುಷ್ಟವಾಗಿಯೇ ಇದೆ! ಈ ಹೆಸರಿನಲ್ಲಿ ಪಾಟಲಿಪುತ್ರದ ಮೌರ್ಯರನ್ನು ಕಾಣಲು ಕೆಲವರು ಯತ್ನಿಸಿದ್ದುಂಟು. ನಿರ್ಮಿತಿಗಳಲ್ಲಿ ಹಲವು ಮೌರ್ಯರಿಗಿಂತ ಪ್ರಾಚೀನವಾದ್ದರಿಂದ ಅದು ನಿಲ್ಲುವ ಮಾತಲ್ಲ. ಕಬ್ಬಿಣವನ್ನು ಬಳಸಬಲ್ಲ ಬೃಹತ್‌ಶಿಲಾ ಸಂಸ್ಕೃತಿಯ ಜನ ಕ್ರಿಸ್ತಪೂರ್ವದ ಮೊದಲ ಸಹಸ್ರಮಾನದಲ್ಲಿ ಇವನ್ನು ಎತ್ತಿದರು. ಸುರಪುರದ ಇತಿಹಾಸದಲ್ಲಿ ಪ್ರಸಿದ್ಧರಾದ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲಿಯೇ ಇವನ್ನು ಗಮನಿಸಿದ್ದರು. ಇಂತಹ ಶಿಲಾಕೋಣೆಗಳನ್ನು ಕುರಿತು ನಮ್ಮವರೇ ಆದ ಅ. ಸುಂದರ ಅವರು 1975ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ವಿದ್ಯಾರ್ಥಿಗಳಿಗೆ ದಾರಿದೀಪವಾಗಿದೆ. 2021ರಲ್ಲಿ ಹಿರೇಬೆಣಕಲ್ಲು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು.

ಶವಸಂಸ್ಕಾರದಲ್ಲಿ ಸಮಾಧಿ ವಿಧಿಯನ್ನು ಅನುಸರಿಸುವ ವೀರಶೈವರಿಗೆ, ಗದ್ದುಗೆಯನ್ನು ಗೌರವಿಸುವ ನಮಗೆ, ಈ ಶಿಲಾಕೋಣೆಗಳಲ್ಲಿ ನಮ್ಮ ಪೂರ್ವಜರ ಆಚಾರವನ್ನು ಕಾಣುವ ಆಸೆ ಹುಟ್ಟಬಹುದು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ವ್ಹೀಲರ್‌ಗೆ ಬೃಹತ್‌ಶಿಲಾ ಗೋರಿಗಳಲ್ಲಿ ದೊರೆತದ್ದು ಹಲವರ ಬಿಡಿಬಿಡಿ ಎಲುಬುಗಳು. ದೇಹವನ್ನು ಬೇರೆಡೆ ಇರಿಸಿ, ಉಳಿದ ಎಲುಬುಗಳನ್ನು ಅನಂತರ ತಂದಿಟ್ಟ ಸಂಸ್ಕಾರ ಅದು. ಲಿಂಗಸಹಿತನಾಗಿ ಕುಳ್ಳಿರಿಸಿ ಸಮಾಧಿಗೊಳಿಸುವ ನಮ್ಮ ಕ್ರಮಕ್ಕೂ ಅದಕ್ಕೂ ಆಚಾರದಲ್ಲಾಗಲಿ ಭಾವದಲ್ಲಾಗಲಿ ಸಾಮ್ಯವಿಲ್ಲ. ಇನ್ನು ಕೆಲವು ಶಿಲಾನಿರ್ಮಿತಿಗಳಂತೂ ಗೋರಿಗಳೇ ಅಲ್ಲ, ಬರಿಯ ಸ್ಮಾರಕಗಳು. ಆದ್ದರಿಂದ ಇಲ್ಲಿಯೂ ಹೋಲಿಕೆಯನ್ನು ಹೋಲಿಕೆಯಾಗಿಯೇ ಬಿಡುವುದು ಲೇಸು.

ಹಿರೇಬೆಣಕಲ್ಲಿನಲ್ಲಿ ನಿಜವಾಗಿ ಮನನೀಯವಾದುದು ಬೇರೆಯಿದೆ. ಶಿಲಾಕೋಣೆಗಳ ನಡುವೆಯೇ ನೀರು ನಿಲ್ಲುವ ಒಂದು ಕೊಳವಿದೆ. ಗೋರಿಗಳಿಗೆ ಬೇಕಾದ ಚಪ್ಪಡಿಗಳನ್ನು ಬಂಡೆಯ ಹಾಸಿನಿಂದ ಎಬ್ಬಿಸಿದಾಗ ಬಿದ್ದ ತಗ್ಗೇ ಮಳೆಯ ನೀರನ್ನು ಹಿಡಿದು ಕೊಳವಾಗಿದೆಯೆಂದು ಅಲ್ಲಿ ಅಧ್ಯಯನ ನಡೆಸಿದವರು ಹೇಳುತ್ತಾರೆ. ಸತ್ತವರಿಗೆ ಮನೆ ಕಟ್ಟಲು ತೆಗೆದ ಕಲ್ಲು, ಬದುಕಿದವರಿಗೂ ದನಕರುಗಳಿಗೂ ನೀರಿನ ಎಡೆಯನ್ನು ಬಿಟ್ಟುಕೊಟ್ಟಿತು. ಬಂಡೆಯ ನಾಡಿನಲ್ಲಿ ಗುಡ್ಡದ ಮೇಲೆ ಬೇಸಗೆಗೂ ಉಳಿಯುವ ನೀರು ಎಂತಹ ಸೌಭಾಗ್ಯವೆಂಬುದನ್ನು ಆ ಸೀಮೆಯ ಕುರಿಗಾಹಿಗಳು ಬಲ್ಲರು. ಇದಕ್ಕೆ ಸಮೀಪದಲ್ಲಿಯೇ ಎತ್ತರದ ಬಂಡೆಯೊಂದರ ಮೇಲೆ ನಗಾರಿಯ ಆಕಾರದ ಭಾರಿ ಗುಂಡೊಂದು ಕುಳಿತಿದೆ. ಬಡಿದರೆ ಅದರ ಧ್ವನಿ ಬಹುದೂರಕ್ಕೆ ಕೇಳುತ್ತದೆ. ಕಪ್ಪಗಲ್ಲಿನ ನಾದಶಿಲೆಗಳಿಗೂ ಇದಕ್ಕೂ ನಡುವೆ ನೂರಾರು ವರ್ಷಗಳ ಅಂತರವಿದ್ದರೂ, ನುಡಿಯುವ ಕಲ್ಲು ಮತ್ತು ನೀರು ಹಿಡಿಯುವ ಕಲ್ಲು ಈ ನಾಡಿನ ಜನರ ಮನಸ್ಸನ್ನು ಸೆಳೆದವೆಂಬುದು ನಿರ್ವಿವಾದ.

ಪೂಜೆ ಅಖಂಡವಾಗಿ ಮೂರು ಸಾವಿರ ವರ್ಷ ನಡೆದುಬಂದಿತೆಂದು ನಾವು ಹೇಳಲಾರೆವು. ಆದರೆ ಒಂದು ಕಾಲದ ಜನ ಆರಿಸಿಕೊಂಡ ನೆಲವನ್ನೇ, ಅವರ ಹೆಸರನ್ನೂ ಅರಿಯದ ಇನ್ನೊಂದು ಕಾಲದ ಜನ ಮತ್ತೆ ಆರಿಸಿಕೊಂಡರೆಂಬುದಕ್ಕೆ ಸಾಕಷ್ಟು ನಿದರ್ಶನಗಳಿವೆ. ಕೊಪ್ಪಳದ ಗವಿಮಠದ ಬೆಟ್ಟ ಇವುಗಳಲ್ಲಿ ಪ್ರಮುಖವಾದುದು. ಅಲ್ಲಿಯ ಬಂಡೆಯ ಮೇಲೆ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಲಘು ಶಿಲಾಶಾಸನವಿದೆ. ಚಿಕ್ಕವರಾಗಲಿ ದೊಡ್ಡವರಾಗಲಿ ಉದ್ಯೋಗಶೀಲರಾದರೆ ಶ್ರೇಯಸ್ಸನ್ನು ಪಡೆಯಬಲ್ಲರೆಂಬುದು ಅದರ ಅಭಿಪ್ರಾಯ. ಮುಂದೆ ಇದೇ ಊರು ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಯಿತು; ಸನ್ಯಸನ ವಿಧಿಯಿಂದ ಮುಡಿಪಿದವರ ನೆನಪಿನ ಶಾಸನಗಳು ಅಲ್ಲಿವೆ. ಇಂದು ಅದು ಗವಿಸಿದ್ಧೇಶ್ವರರ ಮಠದಿಂದ, ವರ್ಷವರ್ಷವೂ ಲಕ್ಷಾಂತರ ಜನ ಸೇರುವ ಜಾತ್ರೆ ಮತ್ತು ಮಹಾದಾಸೋಹದಿಂದ ಖ್ಯಾತವಾಗಿದೆ. ಬೌದ್ಧ ಅರಸ, ಜೈನ ತಪಸ್ವಿ, ವೀರಶೈವ ಸಿದ್ಧ, ಮೂವರ ಕುರುಹುಗಳೂ ಒಂದೇ ಊರಿನಲ್ಲಿ ಉಳಿದಿವೆ. ಶಾಸನದ ಮೇಲೆ ಮಠ ಬೆಳೆಯಿತಾದರೂ ಶಾಸನ ಅಳಿಯಲಿಲ್ಲ.

ಕೊಪ್ಪಳದಿಂದ ಪಶ್ಚಿಮಕ್ಕೆ ಹೊರಟರೆ ಎರೆಯ ಹೊಲಗಳು ತೊಡಗುತ್ತವೆ, ಬಂಡೆ ಮರೆಯಾಗುತ್ತದೆ. ಇಲ್ಲಿ ನೀರನ್ನು ನೆಲದೊಳಗಿನಿಂದಲೇ ಪಡೆಯಬೇಕು. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದವೆಂಬ ಪ್ರತೀತಿಯಿದೆ. ದಾನಚಿಂತಾಮಣಿ ಅತ್ತಿಮಬ್ಬೆಯ ಬಸದಿಯಿಂದ ಈ ಊರಿನ ಹೆಸರು ಸಾಹಿತ್ಯ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಬಾವಿಗಳ ಪರಿಚಯ ಅಷ್ಟಿಲ್ಲ. ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡ ಮುಸುಕಿನ ಬಾವಿಯೂ, ಕನ್ನೆಬಾವಿ, ಛಬ್ಬೀರಬಾವಿಗಳೂ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳ ಕೈಚಳಕಕ್ಕೆ ಸಾಕ್ಷಿ. ಕೆಲವು ಬಾವಿಗಳ ಒಳಗೋಡೆಯಲ್ಲಿ ಚಿಕ್ಕ ಚಿಕ್ಕ ಗೂಡುಗಳನ್ನು ಕಟ್ಟಿ ಲಿಂಗಗಳನ್ನು ಸ್ಥಾಪಿಸಲಾಗಿದೆ. ಮಳೆಗಾಲದಲ್ಲಿ ನೀರು ಏರಿದಂತೆ ಒಂದೊಂದೇ ಗೂಡು ಮುಳುಗುತ್ತದೆ, ಬೇಸಗೆಯಲ್ಲಿ ಒಂದೊಂದೇ ಹೊರಬರುತ್ತದೆ. ಅಭಿಷೇಕಕ್ಕೆ ಅರ್ಚಕನೇ ಬೇಕಾಗಿಲ್ಲ.

ಗುಡಿ ಮತ್ತು ಬಾವಿಗಳ ಈ ನಂಟನ್ನು ಕುರಿತು ಮಾತನಾಡುವಾಗ ಭಕ್ತರಾದ ವಾಚಕರು ಒಂದು ಪ್ರಶ್ನೆಯನ್ನು ಕೇಳದಿರರು. ಶರಣರು ಸ್ಥಾವರವನ್ನು ಒಪ್ಪಲಿಲ್ಲ. ಕಲ್ಲಿನಲ್ಲಿ ದೇವರನ್ನೂ ನೀರಿನಲ್ಲಿ ಪುಣ್ಯವನ್ನೂ ಅರಸುವವರನ್ನು ಕಟುವಾಗಿಯೇ ಟೀಕಿಸಿದರು. ಅಂದಮೇಲೆ ಇಷ್ಟಲಿಂಗನಿಷ್ಠರಿಗೆ ಈ ಕಲ್ಲು ಬಾವಿಗಳ ಗೊಡವೆಯೇಕೆ? ಈ ಪ್ರಶ್ನೆಗೆ ಉತ್ತರವನ್ನು ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯಲ್ಲಿ ಹುಡುಕುವುದು ಯುಕ್ತ. ಸಿದ್ಧರಾಮನು ಕೆರೆಯನ್ನು ತೋಡಿಸಿ, ಲಿಂಗಗಳನ್ನು ಪ್ರತಿಷ್ಠಿಸಿ, ಸೊನ್ನಲಿಗೆಯನ್ನು ಕ್ಷೇತ್ರವನ್ನಾಗಿಸಿದವನು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಅಲ್ಲಿಗೆ ಬಂದು, ಆತನನ್ನು ಮಣ್ಣು ಹೊರುವ ಒಡ್ಡನೆಂದು ಹಂಗಿಸುತ್ತಾನೆ. ಕೆರಳಿದ ಕೆಲಸಗಾರರು ಕಲ್ಲು ಎಸೆಯುತ್ತಾರೆ. ಆ ಪ್ರಸಂಗದ ತಾತ್ಪರ್ಯವನ್ನು ಅನೇಕರು ಕೆರೆಕಟ್ಟೆಗಳ ನಿರಾಕರಣೆಯೆಂದು ತಿಳಿಯುತ್ತಾರೆ. ಈ ಲೇಖಕನ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ಅಲ್ಲಮನು ಖಂಡಿಸಿದ್ದು ಕೆರೆಯನ್ನಲ್ಲ; ಕೆರೆಯಿಂದ ತನಗೆ ಪುಣ್ಯ ಬಂದಿತೆಂಬ ಲೆಕ್ಕವನ್ನು. ಅಲ್ಲಮನೊಡನೆ ಸಿದ್ಧರಾಮನು ಕಲ್ಯಾಣಕ್ಕೆ ನಡೆದುಹೋದ ಮೇಲೂ ಕೆರೆಯಲ್ಲಿ ನೀರು ನಿಂತೇ ಇತ್ತು. ಅದನ್ನು ಕುಡಿದವರು ಯಾರೂ ಸ್ಥಾವರ ಜಂಗಮಗಳ ವಿವೇಚನೆ ಮಾಡಿ ಕುಡಿಯಲಿಲ್ಲ. ಇಂದು ಸೊಲ್ಲಾಪುರಕ್ಕೆ ಹೋದವರಿಗೆ ಸಿದ್ಧೇಶ್ವರನ ಗುಡಿಯನ್ನು ಸುತ್ತುವರಿದ ಆ ಜಲರಾಶಿಯೇ ಮೊದಲು ಕಣ್ಣಿಗೆ ಬೀಳುತ್ತದೆ. ಪ್ರಾಚೀನ ಕಲ್ಲುಗಳನ್ನು ನಾವು ಅರ್ಚಿಸಬೇಕಾಗಿಲ್ಲ, ಓದಬೇಕಾಗಿದೆ. ಓದುವುದಕ್ಕೆ ಅವು ಉಳಿದಿರಬೇಕು.

ಗದಗಿನಿಂದ ಉತ್ತರಕ್ಕೆ, ಬಾದಾಮಿಯ ಮರಳುಗಲ್ಲಿನ ಬೆಟ್ಟಗಳಲ್ಲಿ ಕಲ್ಲು ನೀರುಗಳ ಸಂಬಂಧ ಮತ್ತೊಂದು ಬಗೆಯದು. ಬಳ್ಳಾರಿಯ ಕಣಶಿಲೆ ನೀರನ್ನು ದೊಣೆಗಳಲ್ಲಿ ಹಿಡಿದಿಟ್ಟುಕೊಳ್ಳುವುದಾದರೆ, ಇಲ್ಲಿಯ ಮರಳುಗಲ್ಲು ಮಳೆಯನ್ನು ಬಿರುಕುಗಳೊಳಗೆ ಇಳಿಸಿಕೊಂಡು ಕಣಿವೆಯ ಬುಡದಲ್ಲಿ ಒರತೆಯಾಗಿ ಹೊರಬಿಡುತ್ತದೆ. ಅಂತಹ ಒರತೆಯೊಂದರ ಬಳಿಯಲ್ಲಿ ಮಹಾಕೂಟವಿದೆ. ಪುಷ್ಕರಿಣಿಯಲ್ಲಿ ನೀರು ವರ್ಷವಿಡೀ ತುಂಬಿರುತ್ತದೆ; ಅದರೊಳಗೆ ನಿಂತ ಚಿಕ್ಕ ಮಂಟಪದಲ್ಲಿ ಪಂಚಮುಖಲಿಂಗವಿದೆ. ಸುತ್ತಲೂ ಮಹಾಕೂಟೇಶ್ವರ, ಮಲ್ಲಿಕಾರ್ಜುನ ಮೊದಲಾದ ಚಾಲುಕ್ಯ ಗುಡಿಗಳು. ಇಲ್ಲಿದ್ದ ಮಂಗಳೇಶನ ಸ್ತಂಭಶಾಸನ ಸುಮಾರು 602ರದು. ಈಗ ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಮಕುಟೇಶ್ವರನಾಥನಿಗೆ ಹತ್ತು ಊರುಗಳನ್ನು ಬಿಟ್ಟುದನ್ನು ಅದು ಹೇಳುತ್ತದೆ. ಗಮನಿಸಬೇಕಾದುದು ಇದು: ಚಾಲುಕ್ಯ ಮನೆತನದ ಆದಿಕಾಲದ ಶಾಸನಗಳಲ್ಲೊಂದು ಈ ದೇವರನ್ನು ಆಗಲೇ ಪ್ರತಿಷ್ಠಿತನೆಂದು ಭಾವಿಸಿ ಮಾತನಾಡುತ್ತದೆ. ಅರಸರು ಇಲ್ಲಿಗೆ ದೇವರನ್ನು ತರಲಿಲ್ಲ. ದೇವರಿದ್ದ ನೀರಿನ ಬಳಿಗೆ ಅರಸರು ಬಂದರು.

ಪಟ್ಟದಕಲ್ಲು ಐಹೊಳೆಗಳ ನಡುವಿನ ಸಿದ್ಧನಕೊಳ್ಳದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಗೋಚರಿಸುತ್ತದೆ. ಕಣಿವೆಯ ಚಾಚುಬಂಡೆಯ ಕೆಳಗೆ ಸಿದ್ಧೇಶ್ವರನ ಗುಡಿ. ಸಮೀಪದಲ್ಲಿ ಬತ್ತದ ನೀರು. ಆ ನೀರಿನ ಬಳಿ ಬಂಡೆಯಲ್ಲಿ ಕೊರೆದ ಲಜ್ಜಾಗೌರಿಯ ಶಿಲ್ಪ. ತಲೆಯ ಎಡೆಯಲ್ಲಿ ಕಮಲವನ್ನು ತಳೆದ ಈ ಮಾತೃದೇವತೆಗೆ ಸಂತಾನಾಪೇಕ್ಷಿಗಳಾದ ಸ್ತ್ರೀಯರು ಇಂದಿಗೂ ಎಣ್ಣೆ ಕುಂಕುಮಗಳನ್ನು ಅರ್ಪಿಸುತ್ತಾರೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದಿರಿಸಿದ ಇಂತಹದೇ ಒಂದು ಮೂರ್ತಿಯಿದೆ. ಶಿಲ್ಪವಾಗಿ ಅದು ಹೆಚ್ಚು ಸುಂದರವಾದುದು. ಆದರೆ ಅಲ್ಲಿ ನೀರಿಲ್ಲ, ಎಣ್ಣೆಯಿಲ್ಲ. ಗಾಜಿನ ಮನೆಯ ಮೂರ್ತಿಯಿಂದ ಕಲೆಯನ್ನು ತಿಳಿಯಬಹುದು. ಆ ಮೂರ್ತಿ ಏಕೆ ಹುಟ್ಟಿತೆಂಬುದನ್ನು ತಿಳಿಯಲು ಕೊಳ್ಳಕ್ಕೇ ಇಳಿಯಬೇಕು.

ಐಹೊಳೆಯ ಮೇಗುಟಿ ಬೆಟ್ಟವನ್ನು ಬಲ್ಲದ ಸಾಹಿತ್ಯ ವಿದ್ಯಾರ್ಥಿಯಿಲ್ಲ. ಕಾಳಿದಾಸ ಭಾರವಿಯರ ಹೆಸರನ್ನು ಹೇಳುವ ರವಿಕೀರ್ತಿಯ ಶಾಸನ ಅಲ್ಲಿಯ ಬಸದಿಯ ಗೋಡೆಯಲ್ಲಿದೆ. ಶಕವರ್ಷ 556, ಅಂದರೆ 634. ಭಾರತಯುದ್ಧದಿಂದ 3735 ವರ್ಷಗಳು ಸಂದವೆಂದು ಕವಿ ಲೆಕ್ಕವನ್ನೂ ಕೊಟ್ಟಿದ್ದಾನೆ. ಶಾಸನವನ್ನು ನೋಡಿದ ಹೆಚ್ಚಿನವರು ಅಲ್ಲಿಂದಲೇ ಇಳಿದುಬಿಡುತ್ತಾರೆ. ಬಸದಿಯ ಹಿಂದೆ, ಅದೇ ಬೆಟ್ಟದ ಹಾಸಿನ ಮೇಲೆ, ನಲವತ್ತಕ್ಕೂ ಹೆಚ್ಚು ಶಿಲಾಕೋಣೆಗಳಿವೆ, ಹಿರೇಬೆಣಕಲ್ಲಿನವಕ್ಕಿಂತ ಚಿಕ್ಕವು, ಹಲವು ಕುಸಿದವು. ಸಹಸ್ರಾರು ವರ್ಷಗಳನ್ನು ಒಂದೊಂದಾಗಿ ಎಣಿಸಿದ ಕವಿಗೆ ಆ ಕಲ್ಲುಗಳು ಕಾಣದಿರಲು ಸಾಧ್ಯವಿರಲಿಲ್ಲ. ಅವುಗಳ ಬಗ್ಗೆ ಆತ ಒಂದು ಮಾತನ್ನೂ ಹೇಳಲಿಲ್ಲ. ಬಸದಿಯನ್ನು ಕಟ್ಟಿದವರು ಅವನ್ನು ಕಿತ್ತೂ ಹಾಕಲಿಲ್ಲ. ಸಿದ್ಧವಾದ ಚಪ್ಪಡಿಗಳು ಕೈಯಳತೆಯಲ್ಲಿಯೇ ಇದ್ದರೂ ಅಷ್ಟೊಂದು ಕೋಣೆಗಳು ಇಂದಿಗೂ ಉಳಿದಿವೆಯೆಂದರೆ, ಅವು ಮುಟ್ಟಬಾರದವೆಂಬ ಭಾವನೆ ಆ ಕಾಲದಲ್ಲಿಯೂ ಇದ್ದಿರಬಹುದೆಂದು ಊಹಿಸಲು ಅವಕಾಶವಿದೆ.

ಐಹೊಳೆಯಿಂದ ಮಲಪ್ರಭೆಯನ್ನು ಅನುಸರಿಸಿ ನಡೆದರೆ ಅದು ಕೃಷ್ಣೆಯನ್ನು ಕೂಡುವೆಡೆಯಲ್ಲಿ ಕೂಡಲಸಂಗಮ. ಬಾಲಕ ಬಸವಣ್ಣನವರು ವಿದ್ಯಾಭ್ಯಾಸಕ್ಕೆ ಬಂದುದೂ, ಕಲ್ಯಾಣಕ್ರಾಂತಿಯ ಅನಂತರ ಬಂದು ಐಕ್ಯರಾದುದೂ ಇಲ್ಲಿಯೇ ಎಂಬುದು ಸಂಪ್ರದಾಯ. ಸ್ಥಾವರವನ್ನು ಮೀರಿ ನಡೆದ ಮಹಾನುಭಾವರು ತಮ್ಮ ಅಂಕಿತಕ್ಕೆ ಆರಿಸಿಕೊಂಡುದು ಎರಡು ಹೊಳೆಗಳು ಬೆರೆಯುವ ಈ ಸ್ಥಲದ ದೈವವನ್ನು. ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಾಗ ಅದರ ಹಿನ್ನೀರು ಸಂಗಮವನ್ನು ಆವರಿಸಿತು. ಐಕ್ಯಮಂಟಪವನ್ನು ಕಿತ್ತು ಬೇರೆಡೆಗೆ ಸಾಗಿಸಲಿಲ್ಲ. ಅದು ಇದ್ದ ನೆಲದಲ್ಲಿಯೇ ಇರಿಸಿ, ಸುತ್ತಲೂ ನೀರಿನ ಮಟ್ಟಕ್ಕಿಂತ ಎತ್ತರವಾಗಿ ಬಾವಿಯಂತಹ ದುಂಡು ಗೋಡೆಯನ್ನು ಎಬ್ಬಿಸಿದರು. ಲಕ್ಕುಂಡಿಯ ಬಾವಿಗಳಲ್ಲಿ ಗೋಡೆಯ ಒಳಗೆ ನೀರಿದೆ. ಇಲ್ಲಿ ನೀರು ಗೋಡೆಯ ಹೊರಗಿದೆ. ದಡದಿಂದ ಸೇತುವೆಯ ಮೇಲೆ ನಡೆದು, ಮೆಟ್ಟಿಲುಗಳನ್ನು ಸುತ್ತಿ ಸುತ್ತಿ ಇಳಿದರೆ, ಹೊಳೆಯ ಹಳೆಯ ನೆಲದ ಮೇಲೆ ಮಂಟಪ ಒಣಗಿಯೇ ನಿಂತಿದೆ.